ದೊಡ್ಡವರ ಇಟ್ಟಿಗೆ ಮನೆಗಳು: ಲೆಗೊ ಕಟ್ಟಡ ಕೂಡಿಡುವವರು, ಬದಲಿಸಿ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಗೋಡೆಗೆ ಒತ್ತಿಕೊಂಡಂತೆ, ಲೆಗೊ ಎಂಬ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ ಎಂಟು ಕಟ್ಟಡಗಳ ಒಂದು ಬೀದಿ ಇದೆ. ಉದ್ದ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಾಲ್ಕು ಕಟ್ಟಡ ಡಬ್ಬದಲ್ಲಿ ಬಂದ ಹಾಗೇ ಇವೆ, ನಾಲ್ಕನ್ನು ನಾನು ಬಿಚ್ಚಿ ಬದಲಿಸಿದ್ದೇನೆ. ಮನೆಗೆ ಬಂದವರು ಕಾಫಿ ಲೋಟ ಕೈಯಲ್ಲಿ ಹಿಡಿದೇ ಬಗ್ಗಿ ಕಿಟಕಿಯೊಳಗೆ ಇಣುಕುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹೊಸದಾಗಿ ಈ ಹವ್ಯಾಸಕ್ಕೆ ಬರುವವರಿಗೆ ಉಪಯೋಗವಾಗಲಿ ಎಂದು ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಮಕ್ಕಳ ಆಟಿಕೆ ಅಲ್ವಾ?

ಮೈಸೂರಿನಲ್ಲಿ ಈ ಪ್ರಶ್ನೆ ಕೇಳಿದಾಗ ನನಗೆ ಆಶ್ಚರ್ಯವಾಗುತ್ತದೆ. ನವರಾತ್ರಿ ಬಂತೆಂದರೆ ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಅಟ್ಟದಿಂದ ಪೆಟ್ಟಿಗೆ ಇಳಿಸಿ, ಬಟ್ಟೆ ಬಿಚ್ಚಿ, ಒಂದೊಂದೇ ಗೊಂಬೆ ಒರೆಸಿ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ಪಟ್ಟದ ಗೊಂಬೆಯ ಕೆಳಗೆ ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ಹೊಲ, ಕೆರೆ, ಪಾರ್ಕು. ಅದನ್ನು ಯಾರೂ ಮಕ್ಕಳಾಟ ಎನ್ನುವುದಿಲ್ಲ. ಅರಮನೆಯಲ್ಲೇ ಗೊಂಬೆ ತೊಟ್ಟಿ ಇದೆ. ದೊಡ್ಡವರು ಪುಟ್ಟದೊಂದು ಊರು ಕಟ್ಟಿ ನೆರೆಹೊರೆಯವರನ್ನು ಕರೆದು ತೋರಿಸುವುದು ಈ ಊರಿನ ಹಳೆಯ ಅಭ್ಯಾಸ. ನಾನು ಮಾಡುತ್ತಿರುವುದೂ ಅದೇ, ಸಾಮಗ್ರಿ ಮಾತ್ರ ಪ್ಲಾಸ್ಟಿಕ್ ಇಟ್ಟಿಗೆ.

ಲೆಗೊ ಕಂಪನಿಯೂ 2020ರಿಂದ ದೊಡ್ಡವರ ಸೆಟ್‌ಗಳ ಡಬ್ಬದ ಮೇಲೆ 18+ ಎಂದು ಅಚ್ಚು ಹಾಕುತ್ತಿದೆ.

ಮಾಡ್ಯುಲರ್ ಕಟ್ಟಡ ಅಂದರೆ ಏನು?

2007ರಲ್ಲಿ ಲೆಗೊ ‘ಕೆಫೆ ಕಾರ್ನರ್’ ಎಂಬ 2,056 ತುಂಡುಗಳ ಕಟ್ಟಡ ತಂದಿತು. ಮೂಲೆಯಲ್ಲಿ ನಿಲ್ಲುವ ಹಳೆಯ ಕಾಲದ ಹೋಟೆಲ್ ಅದು. ಅಲ್ಲಿಂದ ಸಾಲು ಬೆಳೆಯಿತು: 2008ರ ಗ್ರೀನ್ ಗ್ರೋಸರ್, 2011ರ ಪೆಟ್ ಶಾಪ್, 2014ರ ಪ್ಯಾರಿಸಿಯನ್ ರೆಸ್ಟೊರೆಂಟ್, 2017ರ ಅಸೆಂಬ್ಲಿ ಸ್ಕ್ವೇರ್, 2023ರ ಜಾಝ್ ಕ್ಲಬ್, ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಈ ಮ್ಯೂಸಿಯಂನಲ್ಲಿ 4,014 ತುಂಡುಗಳಿವೆ.

ಇವೆಲ್ಲ ಒಂದೇ ಕಟ್ಟಳೆಗೆ ಬದ್ಧ. ತಳದ ಹಲಗೆಯಲ್ಲಿ ಸಾಮಾನ್ಯವಾಗಿ ಒಂದು ಬದಿಗೆ 32 ಸ್ಟಡ್ (ಇಟ್ಟಿಗೆ ಸಿಕ್ಕಿಸುವ ದುಂಡನೆಯ ಪುಟ್ಟ ಉಬ್ಬು), ಅಂದರೆ 25.6 ಸೆಂಟಿಮೀಟರ್. ಮುಂದೆ ಫುಟ್‌ಪಾತ್. ಪಕ್ಕದಲ್ಲಿ ತೂತಿರುವ ಇಟ್ಟಿಗೆ ಯಾವ ಕಟ್ಟಡದಲ್ಲೂ ಅದೇ ಜಾಗದಲ್ಲಿ ಇರುತ್ತದೆ, ಅದಕ್ಕೆ ಪಿನ್ ತೂರಿಸಿದರೆ ಪಕ್ಕದ ಕಟ್ಟಡ ಅಂಟಿಕೊಂಡು ನಿಲ್ಲುತ್ತದೆ. ಒಂದೊಂದು ಮಹಡಿಯೂ ಮುಚ್ಚಳದ ಹಾಗೆ ಎತ್ತಿದರೆ ಬರುತ್ತದೆ, ಒಳಗೆ ಮೇಜು, ಒಲೆ, ಮಂಚ ಎಲ್ಲ ಕಾಣುತ್ತವೆ. ಹೊರಗೆ ಬೀದಿ, ಒಳಗೆ ಸಂಸಾರ. ಈ ಎರಡೂ ಒಟ್ಟಿಗೆ ಸಿಗುವುದಕ್ಕೇ ನಾನು ಇದಕ್ಕೆ ಮನಸೋತದ್ದು.

ಮೊದಲು ಯಾವುದನ್ನು ಕೊಳ್ಳಬೇಕು?

ದೊಡ್ಡ ಮಾಡ್ಯುಲರ್‌ಗೆ ನೇರ ಕೈ ಹಾಕಬೇಡಿ. ‘ಕ್ರಿಯೇಟರ್ ತ್ರೀ ಇನ್ ಒನ್’ ಸಾಲಿನ ಒಂದು ಮನೆ ತನ್ನಿ. ಅದೇ ತುಂಡುಗಳಿಂದ ಮೂರು ಬೇರೆ ಬೇರೆ ಕಟ್ಟಡ ಕಟ್ಟುವ ಪುಸ್ತಕ ಅದರಲ್ಲಿರುತ್ತದೆ. ಮೂರನ್ನೂ ಕಟ್ಟಿ ಬಿಚ್ಚಿ. ಮೂರನೆಯದು ಮುಗಿಯುವ ಹೊತ್ತಿಗೆ ಕಿಟಕಿ ಹೇಗೆ ಕೂರುತ್ತದೆ, ಮಾಡು ಹೇಗೆ ನಿಲ್ಲುತ್ತದೆ ಎಂಬುದು ಬೆರಳಿಗೆ ಗೊತ್ತಾಗಿರುತ್ತದೆ. ಬಿಚ್ಚಲು ಮನಸ್ಸೇ ಬರಲಿಲ್ಲ ಎಂದಾದರೆ ನೀವು ಕೂಡಿಡುವವರು. ಬಿಚ್ಚುವಾಗಲೇ ಖುಷಿಯಾಯಿತು ಎಂದಾದರೆ ಬದಲಿಸಿ ಕಟ್ಟುವವರು. ಎರಡರಲ್ಲೂ ತಪ್ಪಿಲ್ಲ.

ಇಲ್ಲಿ ಬೆಲೆ ಯಾಕೆ ಇಷ್ಟು?

ಸುಂಕ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಅಮೆರಿಕದಲ್ಲಿ 229.99 ಡಾಲರಿಗೆ ಬಂದ ಜಾಝ್ ಕ್ಲಬ್ಬನ್ನು ರೂಪಾಯಿಗೆ ಲೆಕ್ಕ ಹಾಕಿ ಅಂಗಡಿಗೆ ಹೋದರೆ ನಿರಾಸೆ ಖಂಡಿತ. ಹೊರದೇಶದಿಂದ ಬಿಡಿ ತುಂಡು ತರಿಸಿದರೂ ಪೊಟ್ಟಣದ ಮೇಲೆ ಸುಂಕ ಬೀಳುತ್ತದೆ. ಹಾಗಾಗಿ ಬಿಡಿ ತುಂಡುಗಳ ಪಟ್ಟಿಯನ್ನು ಆರು ತಿಂಗಳು ಬರೆಯುತ್ತಾ ಹೋಗಿ, ಒಂದೇ ಸಲ ತರಿಸಿ.

ನನ್ನ ಲೆಕ್ಕ ವರ್ಷಕ್ಕೆ ಒಂದೇ ದೊಡ್ಡ ಡಬ್ಬ. ಹೊಸ ಮಾಡ್ಯುಲರ್ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ, ಎರಡು ಮೂರು ವರ್ಷ ಮಾರಾಟದಲ್ಲಿರುತ್ತದೆ. ಅವಸರ ಬೇಡ.

ಅಗ್ಗದ ನಕಲಿ ಸೆಟ್ ಕೊಂಡರೆ ಏನಾಗುತ್ತದೆ?

ಕಟ್ಟಡದಲ್ಲಿ ನಕಲಿಯ ಬಣ್ಣ ಬೇಗ ಬಯಲಾಗುತ್ತದೆ. ಅಸಲಿ ಇಟ್ಟಿಗೆಯ ಅಚ್ಚಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳುತ್ತಾರೆ. 1958ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಇಟ್ಟಿಗೆ ಇವತ್ತಿನ ಇಟ್ಟಿಗೆಗೂ ಕೂರುತ್ತದೆ. ನಕಲಿಯಲ್ಲಿ ಒಂದು ಇಟ್ಟಿಗೆಗೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮೂವತ್ತು ವರಸೆ ಮೇಲೆ ಹೋಗುವಷ್ಟರಲ್ಲಿ ಗೋಡೆ ವಾಲುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ಇನ್ನೊಬ್ಬರ ವಿನ್ಯಾಸ ಕದಿಯುವುದು ಬೇರೆ. ಲೆಪಿನ್ ಹೆಸರಿನ ನಕಲಿ ತಯಾರಕರ ಮೇಲೆ 2019ರಲ್ಲಿ ಶಾಂಘೈ ಪೊಲೀಸರೇ ದಾಳಿ ಮಾಡಬೇಕಾಯಿತು. ಸ್ವಂತ ವಿನ್ಯಾಸದ ಬೇರೆ ಕಂಪನಿಗಳ ಇಟ್ಟಿಗೆಗೆ ನನ್ನ ತಕರಾರಿಲ್ಲ. ಆದರೆ ಒಂದೇ ಗೋಡೆಯಲ್ಲಿ ಎರಡನ್ನೂ ಬೆರೆಸಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಕೊಳ್ಳಿ, ಎಣಿಸಿ ಕೊಳ್ಳಿ. ನಾನೊಮ್ಮೆ ಮಾತು ನಂಬಿ ಹಳೆಯ ಸೆಟ್ ತಂದೆ. ಮನೆಗೆ ಬಂದು ಮೊರದಲ್ಲಿ ಹರಡಿದರೆ ಹನ್ನೊಂದು ಕಿಟಕಿ ಚೌಕಟ್ಟು ಇಲ್ಲ. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. ಆ ಕಿಟಕಿಗಳಿಗೇ ಒಂದು ವರ್ಷ ಕಾದೆ. ಸೂಚನಾ ಪುಸ್ತಕದ ಕೊನೆಯ ಪುಟಗಳಲ್ಲಿ ತುಂಡುಗಳ ಪಟ್ಟಿ ಇರುತ್ತದೆ. ಕಿಟಕಿ, ಬಾಗಿಲು, ಕಮಾನು, ಚಿತ್ರ ಅಚ್ಚಾಗಿರುವ ತುಂಡು, ಗೊಂಬೆಗಳು, ಇಷ್ಟನ್ನಾದರೂ ಮಾರುವವರ ಎದುರೇ ಎಣಿಸಿ. ಮಾಮೂಲಿ ಇಟ್ಟಿಗೆ ಹತ್ತು ಕಡಿಮೆಯಿದ್ದರೆ ತೊಂದರೆಯಿಲ್ಲ.

ಸೆಟ್ ಚೆನ್ನಾಗೇ ಇದೆಯಲ್ಲ, ಅದನ್ನು ಯಾಕೆ ಬದಲಿಸಬೇಕು?

ಮೊದಲ ನಾಲ್ಕು ಕಟ್ಟಡ ಸಾಲಾಗಿಟ್ಟ ದಿನ ಒಂದು ವಿಷಯ ಕಾಡಿತು. ನನ್ನ ಕೋಣೆಯಲ್ಲಿ ಯುರೋಪಿನ ಬೀದಿ ನಿಂತಿದೆ, ಆ ಬೀದಿಯಲ್ಲಿ ನಾನು ಒಂದು ದಿನವೂ ನಡೆದಿಲ್ಲ. ನಾನು ನಡೆದದ್ದು ಸಯ್ಯಾಜಿರಾವ್ ರಸ್ತೆಯಲ್ಲಿ, ಶಿವರಾಂಪೇಟೆಯಲ್ಲಿ, ಅಗ್ರಹಾರದ ಓಣಿಗಳಲ್ಲಿ. ಎರಡು ಸ್ಟಡ್ ಅಗಲ, ನಾಲ್ಕು ಸ್ಟಡ್ ಉದ್ದದ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಸೇರಿಸಲು 91,51,03,765 ದಾರಿಗಳಿವೆ ಎಂದು ಗಣಿತದವರು ಲೆಕ್ಕ ಹಾಕಿದ್ದಾರೆ. ಅಷ್ಟು ದಾರಿಗಳಲ್ಲಿ ನಮ್ಮ ಬೀದಿಯೂ ಎಲ್ಲೋ ಇದ್ದೇ ಇರುತ್ತದೆ, ಅದನ್ನು ನಾವೇ ಹುಡುಕಿ ಕಟ್ಟಬೇಕು.

ಚಿಕ್ಕದರಿಂದ ಶುರು ಮಾಡಿ. ಅಂಗಡಿಯ ಬೋರ್ಡು ಬದಲಿಸಿ. ಬಾಗಿಲ ಮುಂದೆ ಒಂದು ತುಳಸಿ ಕಟ್ಟೆ ಇಡಿ. ಫುಟ್‌ಪಾತ್ ಮೇಲೆ ಎಳನೀರಿನ ಗಾಡಿ ನಿಲ್ಲಿಸಿ. ಇಷ್ಟಾದರೆ ಬೀದಿಯ ಮುಖವೇ ಬೇರೆಯಾಗುತ್ತದೆ. ಮಂಡ್ಯದಲ್ಲಿರುವ ನನ್ನ ಗೆಳೆಯರೊಬ್ಬರು ಅಗ್ನಿಶಾಮಕ ಠಾಣೆಯ ಸೆಟ್ಟಿನ ತುಂಡುಗಳಿಂದ ಆಲೆಮನೆ ಕಟ್ಟಿದ್ದಾರೆ. ದುಂಡನೆಯ ತಟ್ಟೆ ಕೊಪ್ಪರಿಗೆಯಾಗಿದೆ, ಹಸಿರು ದುಂಡು ಇಟ್ಟಿಗೆ ಪೇರಿಸಿದ್ದು ಕಬ್ಬಿನ ಜಲ್ಲೆಯಾಗಿದೆ, ಕಂದು ಬಣ್ಣದ ಒಂದೊಂದು ಸ್ಟಡ್ಡಿನ ತುಂಡುಗಳು ಅಚ್ಚುಬೆಲ್ಲ. ನೋಡಿದರೆ ಬೆಲ್ಲದ ವಾಸನೆ ಬಂದ ಹಾಗಾಗುತ್ತದೆ.

ನಮ್ಮ ಕಟ್ಟಡಕ್ಕೆ ಅಳತೆ ಹೇಗೆ ಹಾಕುವುದು?

ಲೆಗೊ ಗೊಂಬೆಯ ಎತ್ತರ ಸುಮಾರು 4 ಸೆಂಟಿಮೀಟರ್. ಅದನ್ನು ಐದೂವರೆ ಅಡಿಯ ಮನುಷ್ಯ ಎಂದುಕೊಂಡರೆ ಅಳತೆ 42ಕ್ಕೆ 1. ಎರಡು ಸ್ಟಡ್ಡುಗಳ ನಡುವಿನ ದೂರ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6, ತೆಳು ಪ್ಲೇಟಿನ ಎತ್ತರ 3.2. ಮೂರು ಪ್ಲೇಟು ಸೇರಿದರೆ ಒಂದು ಇಟ್ಟಿಗೆ. ಈ ಅಂಕಿಗಳು ಬಾಯಿಪಾಠ ಇದ್ದರೆ ಸಾಕು.

ಒಂದು ರಾತ್ರಿ ಈ ಲೆಕ್ಕ ಹಾಕುತ್ತಾ ಕೂತಿದ್ದಾಗ ನನಗೆ ಸಿಕ್ಕ ಉತ್ತರ ಕೇಳಿ. 32 ಸ್ಟಡ್ಡಿನ ತಳಹಲಗೆಯನ್ನು 42 ಪಟ್ಟು ಹಿಗ್ಗಿಸಿದರೆ ಒಂದು ಬದಿ ಸುಮಾರು 35 ಅಡಿ. ಒಟ್ಟು ಜಾಗ 1,240 ಚದರ ಅಡಿ ಚಿಲ್ಲರೆ. ನಮ್ಮ ತರ್ಟಿ ಫಾರ್ಟಿ ಸೈಟು 1,200 ಚದರ ಅಡಿ! ಅಂದರೆ ಡಬ್ಬದಲ್ಲಿ ಬರುವ ಆ ಹಲಗೆ ಹೆಚ್ಚುಕಡಿಮೆ ನಮ್ಮ ಬಡಾವಣೆಯ ಒಂದು ಸೈಟಿನಷ್ಟೇ ಇದೆ. ಅವತ್ತಿನಿಂದ ನನಗೆ ಆ ಹಸಿರು ಹಲಗೆ ಖಾಲಿ ಸೈಟಿನ ಹಾಗೇ ಕಾಣುತ್ತದೆ.

ತೊಟ್ಟಿಮನೆ ಕಟ್ಟಲು ಆಗುತ್ತದಾ?

ಆಗುತ್ತದೆ. ನನ್ನ ಬೀದಿಯ ಐದನೇ ಕಟ್ಟಡ ಅದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಡುವೆ 8 ಸ್ಟಡ್ ಉದ್ದ, 8 ಸ್ಟಡ್ ಅಗಲದ ತೊಟ್ಟಿ ಬಿಟ್ಟೆ. ಲೆಕ್ಕಕ್ಕೆ ಒಂಬತ್ತು ಅಡಿ ಚೌಕ. ನಾಲ್ಕು ಮೂಲೆಗೆ ಕಂಬ: ಕೆಳಗೆ ಬೂದು ಬಣ್ಣದ ಎರಡು ಸ್ಟಡ್ಡಿನ ದುಂಡು ತುಂಡು, ಅದು ಕಲ್ಲಿನ ಪೀಠ. ಮೇಲೆ ಗಾಢ ಕಂದಿನ ಒಂದು ಸ್ಟಡ್ಡಿನ ದುಂಡು ಇಟ್ಟಿಗೆಗಳು, ಅದು ಮರ. ಕಷ್ಟ ಬಂದದ್ದು ಮಾಡಿನಲ್ಲಿ. ಮಾಮೂಲಿ ಮನೆಯ ಸೂರು ಹೊರಕ್ಕೆ ಇಳಿಯುತ್ತದೆ, ತೊಟ್ಟಿಮನೆಯದು ಒಳಕ್ಕೂ ಇಳಿದು ನಾಲ್ಕು ಮೂಲೆಯಲ್ಲಿ ಕೂಡಿಕೊಳ್ಳಬೇಕು. ಅದಕ್ಕೆ ಒಳಮೂಲೆಯ ಇಳಿಜಾರು ತುಂಡು ಬೇಕು. 33 ಡಿಗ್ರಿಯ ಇಳಿಜಾರು ನಮ್ಮ ಹೆಂಚಿನ ಮನೆಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ನನ್ನ ಹತ್ತಿರ ಒಳಮೂಲೆ ತುಂಡುಗಳಿದ್ದದ್ದು 45 ಡಿಗ್ರಿಯವು. ಅದನ್ನೇ ಬಳಸಿದೆ. ಮಾಡು ಸ್ವಲ್ಪ ಕಡಿದಾಯಿತು, ಮಲೆನಾಡಿನ ಮನೆಯ ಹಾಗೆ. ಎಲ್ಲ ಹೆಂಚೂ ಒಂದೇ ಬಣ್ಣ ಬೇಡ. ಗಾಢ ಕಿತ್ತಳೆ ಹೆಚ್ಚಿರಲಿ, ನಡುನಡುವೆ ಕೆಂಗಂದು, ಅಲ್ಲೊಂದು ಇಲ್ಲೊಂದು ಕಪ್ಪು. ಮಳೆಗೆ ಪಾಚಿ ಹಿಡಿದು ಕಪ್ಪಾದ ಹೆಂಚು ಎಲ್ಲ ಹಳೇ ಮನೆಯಲ್ಲೂ ಇರುತ್ತದೆ.

ಮುಂದೆ ಜಗುಲಿ. ಒಂದು ಇಟ್ಟಿಗೆ, ಅದರ ಮೇಲೆ ಒಂದು ಪ್ಲೇಟು: 12.8 ಮಿಲಿಮೀಟರ್, ಅಂದರೆ ಒಂದೂ ಮುಕ್ಕಾಲು ಅಡಿ. ಮೇಲೆ ನುಣುಪಾದ ಗಾಢ ಕೆಂಪು ಟೈಲು ಹಾಸಿದರೆ ರೆಡ್ ಆಕ್ಸೈಡ್ ನೆಲ. ಆದರೆ ಪೂರ್ತಿ ಹಾಸಬೇಡಿ. ಎರಡು ಸ್ಟಡ್ ಬಿಡಿ. ಟೈಲಿನ ಮೇಲೆ ಗೊಂಬೆ ಕೂರುವುದಿಲ್ಲ, ಜಾರುತ್ತದೆ. ಜಗುಲಿ ಇದ್ದ ಮೇಲೆ ಅಲ್ಲಿ ಯಾರಾದರೂ ಕೂರಲೇಬೇಕು.

ಎಲ್ಲ ಮುಗಿಸಿ ಅಮ್ಮನನ್ನು ಕರೆದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಎಲ್ಲಾ ಸರಿ, ಹೊಸ್ತಿಲೇ ಇಲ್ವಲ್ಲೋ,” ಅಂದರು. ನಿಜ. ಬಾಗಿಲ ಚೌಕಟ್ಟು ನೇರ ನೆಲದ ಮೇಲೆ ಕೂತಿತ್ತು. ಆ ರಾತ್ರಿಯೇ ಮುಂದಿನ ಗೋಡೆ ಬಿಚ್ಚಿ, ಬಾಗಿಲನ್ನು ಒಂದು ಪ್ಲೇಟು ಮೇಲೆತ್ತಿ, ಮುಂದೆ ನಾಲ್ಕು ಸ್ಟಡ್ಡಿನ ಹಳದಿ ಟೈಲು ಕೂರಿಸಿದೆ. ಒಂದು ಪ್ಲೇಟು ಅಂದರೆ ನಮ್ಮ ಅಳತೆಯಲ್ಲಿ ಐದಿಂಚು, ಸರಿಯಾಗಿ ಒಂದು ಹೊಸ್ತಿಲಿನಷ್ಟು. ಬೆಳಿಗ್ಗೆ ಅಮ್ಮ ನೋಡಿ ಏನೂ ಹೇಳಲಿಲ್ಲ. ಆ ವರ್ಷ ದಸರಾದಲ್ಲಿ ಆ ಮನೆಯನ್ನು ಗೊಂಬೆ ಮೆಟ್ಟಿಲಿನ ಕೆಳಸಾಲಿನಲ್ಲಿ ಅವರೇ ಇಟ್ಟರು.

ದೇವರಾಜ ಮಾರುಕಟ್ಟೆಯಂಥ ಅಂಗಡಿ ಸಾಲು?

ಅದಕ್ಕೆ ಬೇಕಾದ ತುಂಡುಗಳೆಲ್ಲ ಲೆಗೊದಲ್ಲೇ ಇವೆ. ಕುಂಕುಮ, ಅರಿಶಿನ, ರಂಗೋಲಿ ಬಣ್ಣದ ಗುಡ್ಡೆಗಳಿಗೆ ಒಂದು ಸ್ಟಡ್ಡಿನ ಶಂಕುವಿನಾಕಾರದ ತುಂಡು. ಕೆಂಪು, ಹಳದಿ, ನೇರಳೆ, ಗುಲಾಬಿ, ಹಸಿರು, ನೀಲಿ ಸಾಲಾಗಿ ನಿಲ್ಲಿಸಿದರೆ ಬೇರೆ ಏನೂ ಬೇಡ. ಬಾಳೆಹಣ್ಣಿನ ತುಂಡು ತಯಾರಾಗಿಯೇ ಸಿಗುತ್ತದೆ, ಅದು ನಂಜನಗೂಡು ರಸಬಾಳೆ ಎಂದು ಬೋರ್ಡು ಬರೆಯುವುದು ನಿಮ್ಮ ಕೆಲಸ. ಮಲ್ಲಿಗೆಗೆ ಬಿಳಿ ಹೂವಿನ ಪ್ಲೇಟು.

ಬೋರ್ಡಿನ ಬಗ್ಗೆ ಒಂದು ಎಚ್ಚರಿಕೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಸ್ಟಡ್ ಅಗಲದ ಟೈಲು, ಅಂದರೆ 8 ಮಿಲಿಮೀಟರ್ ಸಾಕಾಗುತ್ತದೆ. ಕನ್ನಡಕ್ಕೆ ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತು. ‘ವೀಳ್ಯದೆಲೆ’ ಎಂದು ಬರೆದು ನೋಡಿ, ಯ ಒತ್ತು ಟೈಲಿನಿಂದ ಕೆಳಗೆ ಬೀಳುತ್ತದೆ. ಎರಡು ಸ್ಟಡ್ ಅಗಲದ ಟೈಲು ಬಳಸಿ, 16 ಮಿಲಿಮೀಟರಿನಲ್ಲಿ ಒತ್ತಕ್ಷರ ಆರಾಮಾಗಿ ಕೂರುತ್ತದೆ. ಕಂಪ್ಯೂಟರಿನಲ್ಲಿ ಅಳತೆಗೆ ಹೊಂದಿಸಿ, ಸ್ಟಿಕರ್ ಹಾಳೆಯ ಮೇಲೆ ಲೇಸರ್ ಪ್ರಿಂಟ್ ಹಾಕಿಸಿ, ಅಂಚಿನಿಂದ ಅರ್ಧ ಮಿಲಿಮೀಟರ್ ಒಳಗೆ ಕತ್ತರಿಸಿ. ಅಂಚಿಗೆ ಸರಿಯಾಗಿ ಕತ್ತರಿಸಿದರೆ ಕೆಲವೇ ದಿನದಲ್ಲಿ ಸುರುಳಿ ಏಳುತ್ತದೆ.

ಇಟ್ಟಿಗೆಯನ್ನು ಪಕ್ಕಕ್ಕೆ ಕೂರಿಸುವುದು ಹೇಗೆ?

ಇದಕ್ಕೆ ಕಟ್ಟುವವರು ‘ಸ್ನಾಟ್’ ಎನ್ನುತ್ತಾರೆ. ಪಕ್ಕದಲ್ಲೂ ಸ್ಟಡ್ ಇರುವ ಇಟ್ಟಿಗೆ ಅಥವಾ ಬ್ರಾಕೆಟ್ ಬಳಸಿ ಅಲಂಕಾರವನ್ನು ಗೋಡೆಗೆ ಅಡ್ಡವಾಗಿ ಸಿಕ್ಕಿಸುವ ವಿದ್ಯೆ. ಕಮಾನಿನ ಅಂಚು, ಗೋಡೆಯ ಹೂಬಳ್ಳಿ, ಬಾಗಿಲ ಮೇಲಿನ ಬೋರ್ಡು ಎಲ್ಲಕ್ಕೂ ಇದು ಬೇಕು. ನೆನಪಿಡಬೇಕಾದ ಸೂತ್ರ ಒಂದೇ: ಐದು ಪ್ಲೇಟಿನ ಎತ್ತರ ಎರಡು ಸ್ಟಡ್ಡಿನ ಅಗಲಕ್ಕೆ ಸಮ, ಎರಡೂ 16 ಮಿಲಿಮೀಟರ್.

ಅರಮನೆ ಕಟ್ಟಿದ್ದೀರಾ?

ಎಲ್ಲರೂ ಕೇಳುತ್ತಾರೆ. ಕಟ್ಟಿಲ್ಲ. ಅರಮನೆಯ ಮುಂಭಾಗ 245 ಅಡಿ, ಎತ್ತರ 145 ಅಡಿ. ಗೊಂಬೆಯ ಅಳತೆಗೆ ಕಟ್ಟಿದರೆ ಅಗಲ ಒಂದೂ ಮುಕ್ಕಾಲು ಮೀಟರ್, ಎತ್ತರ ಒಂದು ಮೀಟರ್ ದಾಟುತ್ತದೆ. ಚಿಕ್ಕ ಅಳತೆಯಲ್ಲಿ ಕಟ್ಟಬಹುದು, 5,900ಕ್ಕೂ ಹೆಚ್ಚು ತುಂಡುಗಳ ತಾಜ್ ಮಹಲ್ ಸೆಟ್ 2008ರಲ್ಲೇ ಬಂದಿತ್ತು, ಅದನ್ನು ನೋಡಿ ಗುಮ್ಮಟದ ಪಾಠ ಕಲಿಯಬಹುದು. ನನ್ನ ಸಲಹೆ ದೊಡ್ಡ ಗಡಿಯಾರ. 1927ರ ಗೋಪುರ, 75 ಅಡಿ, ನಮ್ಮ ಅಳತೆಗೆ 54 ಸೆಂಟಿಮೀಟರ್, ಅಂದರೆ 57 ಇಟ್ಟಿಗೆ ಎತ್ತರ. ಮೇಜಿನ ಮೇಲೆ ಚೆನ್ನಾಗಿ ನಿಲ್ಲುತ್ತದೆ.

ಬಣ್ಣ ಬಳಿಯಬಹುದಾ, ಅಂಟು ಹಾಕಬಹುದಾ, ಕತ್ತರಿಸಬಹುದಾ?

ನಿಮ್ಮ ಇಟ್ಟಿಗೆ, ನಿಮ್ಮ ಇಷ್ಟ. ನಾನು ಮೂರನ್ನೂ ಮಾಡುವುದಿಲ್ಲ. ಬಿಚ್ಚಿ ಮತ್ತೆ ಕಟ್ಟುವ ಗುಣವೇ ಇದರ ಜೀವ, ಅಂಟು ಬಿದ್ದರೆ ಅದು ಹೋಯಿತು. ನೇಲ್ ಪಾಲಿಶ್ ತೆಗೆಯುವ ದ್ರವದಿಂದ ಮಾತ್ರ ಒರೆಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಈ ಇಟ್ಟಿಗೆಗಳ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ಧೂಳು, ಬಿಸಿಲು?

ಬಿಸಿಲು ದೊಡ್ಡ ಶತ್ರು. ನನ್ನ ಮೊದಲ ಕಟ್ಟಡವನ್ನು ಪಶ್ಚಿಮದ ಕಿಟಕಿ ಪಕ್ಕ ಇಟ್ಟಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿ ಗೋಡೆ ಹಳೇ ಕಾಗದದ ಬಣ್ಣಕ್ಕೆ ತಿರುಗಿತು. ನೇರಳಾತೀತ ಕಿರಣಕ್ಕೆ ಎಬಿಎಸ್ ಹೀಗೆ ಹಳದಿಯಾಗುತ್ತದೆ. ನೇರ ಬಿಸಿಲು ಬೀಳದ ಗೋಡೆ ಹುಡುಕಿ. ಧೂಳಿಗೆ ಮೃದುವಾದ ಪೇಂಟ್ ಬ್ರಷ್, ವಾರಕ್ಕೊಮ್ಮೆ, ಮೇಲಿನಿಂದ ಕೆಳಕ್ಕೆ. ತೊಳೆಯಲೇಬೇಕಾದರೆ ಬಿಚ್ಚಿ, 40 ಡಿಗ್ರಿ ಮೀರದ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ನೆರಳಲ್ಲಿ ಬಟ್ಟೆಯ ಮೇಲೆ ಒಣಗಿಸಿ. ಸ್ಟಿಕರ್ ಇರುವ ತುಂಡು ನೀರಿಗೆ ಬೇಡ. ಕೆಂಗಂದು ಬಣ್ಣದ ಹಳೆಯ ತುಂಡುಗಳು ಬಿಚ್ಚುವಾಗ ಪಟ್ಟನೆ ಮುರಿಯುತ್ತವೆ, ನಿಧಾನವಾಗಿ ಬಿಚ್ಚಿ.

ಸಾವಿರಾರು ತುಂಡು ಹೇಗೆ ಜೋಡಿಸಿಡುತ್ತೀರಿ?

ಬಣ್ಣಕ್ಕಲ್ಲ, ಆಕಾರಕ್ಕೆ ತಕ್ಕಂತೆ. ಕೆಂಪು ರಾಶಿಯಲ್ಲಿ ಒಂದು ಕೆಂಪು ಕೀಲು ಹುಡುಕಲು ಕಣ್ಣು ಸೋಲುತ್ತದೆ. ಕೀಲುಗಳ ಡಬ್ಬಿಯಲ್ಲಿ ಕೆಂಪನ್ನು ಹುಡುಕುವುದು ಕ್ಷಣದ ಕೆಲಸ. ಮಸಾಲೆ ಡಬ್ಬಿಗಳು ಚಿಕ್ಕ ತುಂಡಿಗೆ ಬಹಳ ಅನುಕೂಲ.

ಕಂಪ್ಯೂಟರಿನಲ್ಲಿ ಮೊದಲು ಕಟ್ಟಿ ನೋಡಬಹುದಾ?

ಲೆಗೊ ತುಂಡುಗಳ ಆನ್‌ಲೈನ್ ಮಾರುಕಟ್ಟೆಯಾದ ಬ್ರಿಕ್‌ಲಿಂಕ್‌ನ ‘ಸ್ಟುಡಿಯೊ’ ತಂತ್ರಾಂಶ ಉಚಿತ. ಕಟ್ಟಿದ್ದಕ್ಕೆ ತುಂಡುಗಳ ಪಟ್ಟಿಯನ್ನೂ ಕೊಡುತ್ತದೆ. ಆದರೆ ಪರದೆಯ ಮೇಲೆ ಗಟ್ಟಿಯಾಗಿ ಕಂಡದ್ದು ಕೈಯಲ್ಲಿ ಅಲ್ಲಾಡಬಹುದು, ಮುಖ್ಯವಾದ ಮೂಲೆಗಳನ್ನು ಒಮ್ಮೆ ಕೈಯಲ್ಲೇ ಕಟ್ಟಿ ಪರೀಕ್ಷಿಸಿ.

ಈಗ ಏನು ಕಟ್ಟುತ್ತಿದ್ದೀರಿ?

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ. 1892ರದ್ದು. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ನನಗೆ ಅವು ಉಳಿಯಬೇಕು. ಕಾಲೇಜಿನ ದಿನಗಳಲ್ಲಿ ಆ ಕಮಾನುಗಳ ಕೆಳಗಿನ ಅಂಗಡಿಗಳಲ್ಲಿ ಹಳೇ ಪುಸ್ತಕ ಕೊಂಡವನು ನಾನು.

ಭಾನುವಾರ ಬೆಳಿಗ್ಗೆ ಆರಕ್ಕೆ, ಬಸ್ಸುಗಳ ಗದ್ದಲ ಶುರುವಾಗುವ ಮೊದಲು, ಎದುರು ನಿಂತು ಒಂದೊಂದೇ ಕಮಾನಿನ ಫೋಟೊ ತೆಗೆಯುತ್ತೇನೆ. ಕಂಬದ ಪಕ್ಕ ಒಂದು ಅಡಿಯ ಸ್ಕೇಲು ನಿಲ್ಲಿಸಿರುತ್ತೇನೆ, ಆಮೇಲೆ ಅದರಿಂದ ಸ್ಟಡ್ ಲೆಕ್ಕ ಸಿಗುತ್ತದೆ. ಮೂರು ಕಮಾನು ಮುಗಿದಿವೆ. ನಾಲ್ಕನೆಯದಕ್ಕೆ ತಿಳಿ ಕಂದು ಬಣ್ಣದ ಕಮಾನು ತುಂಡು ಎರಡು ಕಡಿಮೆ ಬಿದ್ದಿವೆ. ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ.